ಹಳೆಯ ಕಾರುಗಳ ಹಿಂಚಕ್ರಕ್ಕೆ ಡಿಸ್ಕ್ ಬ್ರೇಕ್: ಅಳವಡಿಕೆ ಮತ್ತು ಹೊಂದಾಣಿಕೆ

ಡ್ರಮ್ ಬ್ರೇಕಿನೊಂದಿಗೆ ತಯಾರಾದ ಹಳೆಯ ಕಾರಿನ ಹಿಂಚಕ್ರಗಳಿಗೆ ಆಮೇಲೆ ಎಂದೋ ಡಿಸ್ಕ್ ಬ್ರೇಕ್ ಕೂಡಿಸಿದಾಗ ಆಕ್ಸಲ್, ಡಿಸ್ಕ್, ಕ್ಯಾಲಿಪರ್ ಈ ಮೂರನ್ನೂ ಒಂದಕ್ಕೊಂದು ಸರಿಯಾದ ಸ್ಥಾನದಲ್ಲಿ ನಿಲ್ಲಿಸುವ ಕೆಲಸವೇ ಈ ಹೊಂದಾಣಿಕೆ. ಡಿಸ್ಕಿನ ಮುಖ ಆಕ್ಸಲ್ ತಿರುಗುವ ರೇಖೆಗೆ ಲಂಬವಾಗಿರಬೇಕು. ಕ್ಯಾಲಿಪರನ್ನು ಹೊತ್ತ ಬ್ರಾಕೆಟ್ ಡಿಸ್ಕಿಗೆ ಸಮಾನಾಂತರವಾಗಿರಬೇಕು. ಕ್ಯಾಲಿಪರಿನ ನಡುಗೆರೆ ಡಿಸ್ಕಿನ ನಡುಗೆರೆಯ ಮೇಲೆ ಬರಬೇಕು, ಪ್ಯಾಡ್ ಡಿಸ್ಕಿನ ಅಂಚನ್ನು ದಾಟಬಾರದು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಪೆಡಲ್ ಆಳಕ್ಕಿಳಿಯುವುದು, ಬ್ರೇಕ್ ಒತ್ತಿದಾಗ ಕಾರು ನಡುಗುವುದು, ಚಕ್ರ ಬಿಸಿಯಾಗುವುದು, ಪ್ಯಾಡ್ ಓರೆಯಾಗಿ ಸವೆಯುವುದು ಇವುಗಳಲ್ಲಿ ಒಂದಲ್ಲ ಒಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ದೂರು ಹೋಗುವುದು ಹೊಸದಾಗಿ ಹಾಕಿದ ಕ್ಯಾಲಿಪರಿನ ಮೇಲೆ. ದೋಷ ಇರುವುದು ಹೆಚ್ಚಾಗಿ ಅದರ ಹಿಂದಿರುವ ಹಳೆಯ ಆಕ್ಸಲಿನಲ್ಲಿ.

ಹಿನ್ನೆಲೆ

ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದರು. ಅದರ ಬಲ ಜಗತ್ತಿಗೆ ಗೊತ್ತಾದದ್ದು 1953ರಲ್ಲಿ, ಡನ್‌ಲಪ್ ಡಿಸ್ಕ್ ಬ್ರೇಕ್ ಹೊತ್ತ ಜಾಗ್ವಾರ್ ಸಿ-ಟೈಪ್ ಲೆ ಮಾನ್ ಓಟ ಗೆದ್ದಾಗ. 1955ರ ಸಿಟ್ರನ್ ಡಿ.ಎಸ್. ಮುಂಚಕ್ರಗಳಿಗೆ ಡಿಸ್ಕ್ ತಂದಿತು. 1957ರ ಜಾಗ್ವಾರ್ ಎಕ್ಸ್‌ಕೆ 150ರಲ್ಲಿ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬಂತು. ಅಮೆರಿಕದ ಕಾರುಗಳು ಈ ವಿಷಯದಲ್ಲಿ ನಿಧಾನಿಸಿದವು. 1964ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಮಸ್ಟಾಂಗ್‌ಗೆ ನಾಲ್ಕೂ ಕಡೆ ಡ್ರಮ್ಮೇ ಇತ್ತು. ಹೆಚ್ಚು ಹಣ ಕೊಟ್ಟವರಿಗೆ 1965ರಿಂದ ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಸಿಗುತ್ತಿತ್ತು. ಮೊದಲ ತಲೆಮಾರಿನ ಮಸ್ಟಾಂಗ್‌ನ ಹಿಂಚಕ್ರಕ್ಕೆ ಕಾರ್ಖಾನೆ ಕೊನೆಯವರೆಗೂ ಡಿಸ್ಕ್ ಕೊಡಲಿಲ್ಲ. 1984ರ ಎಸ್‌ವಿಒ ಮಾದರಿಯವರೆಗೆ ಕಾಯಬೇಕಾಯಿತು.

ಹೀಗಾಗಿ ಆ ಕಾಲದ ಮಸ್ಟಾಂಗ್, ಕಮಾರೊ, ಡಾಜ್, ಪ್ಲಿಮತ್ ಕಾರುಗಳನ್ನು ಉಳಿಸಿಕೊಂಡವರು ಹಿಂದಿನ ಡಿಸ್ಕನ್ನು ತಾವೇ ಕೂಡಿಸಿಕೊಳ್ಳುತ್ತಾರೆ. ಅದಕ್ಕೆ ಮೂರು ದಾರಿಗಳಿವೆ. ಮೊದಲನೆಯದು, ಆಕ್ಸಲನ್ನು ಹಾಗೇ ಇಟ್ಟು ಬ್ರಾಕೆಟ್, ಡಿಸ್ಕ್, ಕ್ಯಾಲಿಪರ್ ಇರುವ ಸಿದ್ಧ ಕಿಟ್ ಹಾಕುವುದು. ಎರಡನೆಯದು, ಡಿಸ್ಕ್ ಇದ್ದ ಬೇರೆ ಕಾರಿನ ಇಡೀ ಆಕ್ಸಲನ್ನೇ ತಂದು ಕೂರಿಸುವುದು. 1977ರಿಂದ 1980ರವರೆಗೆ ಬಂದ ಲಿಂಕನ್ ವರ್ಸೇಲ್ಸ್ ಕಾರಿನ 9 ಇಂಚಿನ ಆಕ್ಸಲ್ ಮಸ್ಟಾಂಗ್ ಪ್ರಿಯರ ನಡುವೆ ಬಹುಕಾಲ ಬೇಡಿಕೆಯಲ್ಲಿದ್ದದ್ದು ಇದೇ ಕಾರಣಕ್ಕೆ. 1995ರ ನಂತರದ ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 ಇಂಚಿನ ಆಕ್ಸಲ್ ಆಮೇಲೆ ಆ ಜಾಗ ಹಿಡಿಯಿತು. ಅದರ ನಡುಗುಂಡು (ಡಿಫರೆನ್ಷಿಯಲ್ ಇರುವ ಭಾಗ) ಒಂದು ಬದಿಗೆ ಸರಿದಿರುವುದರಿಂದ ಉದ್ದದ ಬದಿಯ ಕೊಳವೆಯನ್ನು ಸುಮಾರು 3 ಇಂಚು ಕತ್ತರಿಸಿ ಮತ್ತೆ ಬೆಸುಗೆ ಹಾಕುವ ರೂಢಿ ಬೆಳೆದಿದೆ. ಮೂರನೆಯದು, ಸಿಕ್ಕ ಸಿಕ್ಕ ಭಾಗಗಳಿಗೆ ಲೇತ್ ಅಂಗಡಿಯಲ್ಲಿ ಬ್ರಾಕೆಟ್ ಮಾಡಿಸುವುದು. ಹೊಂದಾಣಿಕೆಯ ತೊಂದರೆ ಮೂರು ದಾರಿಯಲ್ಲೂ ಬರುತ್ತದೆ, ಬರುವ ಜಾಗ ಮಾತ್ರ ಬೇರೆ.

ಹಿಂದಿನ ಡಿಸ್ಕಿನಿಂದ ಕಾರು ನಿಲ್ಲುವ ದೂರ ತೀರಾ ಕಡಿಮೆಯಾಗುತ್ತದೆಂದು ನಂಬುವುದು ಸರಿಯಲ್ಲ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಕೆಲಸದ ಹೆಚ್ಚಿನ ಪಾಲು ಮುಂಚಕ್ರಗಳದ್ದು. ಹಿಂದಿನ ಡಿಸ್ಕಿನ ಲಾಭ ಬೇರೆ ಕಡೆ ಇದೆ: ನೀರಿಗೆ ಸಿಕ್ಕ ಬ್ರೇಕ್ ಬೇಗ ಚೇತರಿಸಿಕೊಳ್ಳುತ್ತದೆ, ಘಟ್ಟದ ಇಳಿಜಾರಿನಲ್ಲಿ ಬಿಸಿಯಾದರೂ ಹಿಡಿತ ಬೇಗ ಬಿಡುವುದಿಲ್ಲ, ಎರಡು ಬದಿಯ ಎಳೆತ ಸಮನಾಗಿರುತ್ತದೆ. ಮುಂದೆ ಇನ್ನೂ ಡ್ರಮ್ ಇರುವ ಕಾರಿನಲ್ಲಿ ಹಿಂದಕ್ಕೆ ಮೊದಲು ಡಿಸ್ಕ್ ಹಾಕುವುದು ಅಪಾಯದ ಕೆಲಸ. ಮುಂದಿನದು ಮುಗಿದ ಮೇಲಷ್ಟೇ ಹಿಂದಿನದಕ್ಕೆ ಕೈ ಹಾಕಬೇಕು.

ಡ್ರಮ್ ಸಹಿಸುತ್ತಿದ್ದದ್ದನ್ನು ಡಿಸ್ಕ್ ಸಹಿಸದು

ಡ್ರಮ್ಮಿನ ಉಜ್ಜುವ ಮೈ ಉರುಳೆಯಾಕಾರದ್ದು, ಆಕ್ಸಲಿನ ಉದ್ದಕ್ಕೆ ಸಮಾನಾಂತರವಾಗಿರುತ್ತದೆ. ಆಕ್ಸಲ್ ಅರ್ಧ ಮಿಲಿಮೀಟರ್ ಒಳಹೊರಗೆ ಸರಿದರೆ ಡ್ರಮ್ಮೂ ಅಷ್ಟೇ ಸರಿಯುತ್ತದೆ, ಲೈನರಿಗೂ ಡ್ರಮ್ಮಿಗೂ ನಡುವಿನ ಸಂದು ಬದಲಾಗುವುದಿಲ್ಲ. ಮುಂಗೈಯ ಮೇಲೆ ಬಳೆ ಹಿಂದೆ ಮುಂದೆ ಸರಿದಂತೆ ಅದು. ಡಿಸ್ಕಿನ ಉಜ್ಜುವ ಮೈ ಇದಕ್ಕೆ ಅಡ್ಡಲಾಗಿದೆ. ಆಕ್ಸಲ್ ಎಷ್ಟು ಸರಿದರೆ ಅಷ್ಟೂ ನೇರವಾಗಿ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ ಹೋಗುತ್ತದೆ. ಐವತ್ತು ವರ್ಷ ಡ್ರಮ್ಮಿನೊಳಗೆ ಯಾರಿಗೂ ಕಾಣದೆ ಕುಳಿತಿದ್ದ ದೋಷ ಡಿಸ್ಕ್ ಹಾಕಿದ ದಿನವೇ ಪೆಡಲಿನಲ್ಲಿ ಕಾಲಿಗೆ ತಿಳಿಯುತ್ತದೆ. ಈ ಒಂದು ಮಾತು ಮನದಟ್ಟಾದರೆ ಹೊಂದಾಣಿಕೆಯ ಉಳಿದ ನಿಯಮಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಆಕ್ಸಲಿನ ಒಳಹೊರ ಸರಿದಾಟ ಅದರ ರಚನೆಯನ್ನು ಅವಲಂಬಿಸಿದೆ. ಫೋರ್ಡ್‌ನ 9 ಇಂಚಿನ ಆಕ್ಸಲಿನಲ್ಲಿ ಬೇರಿಂಗನ್ನು ಶಾಫ್ಟಿನ ಮೇಲೆ ಒತ್ತಿ ಕೂರಿಸಿ, ಹೊರತುದಿಯಲ್ಲಿ ತಡೆಪಟ್ಟಿಯಿಂದ ಬಿಗಿದಿರುತ್ತಾರೆ. ಹೀಗಾಗಿ ಸರಿದಾಟ ಇಲ್ಲವೆನ್ನುವಷ್ಟು ಕಡಿಮೆ. ಷೆವ್ರೊಲೆಯ 12 ಬೋಲ್ಟಿನ ಆಕ್ಸಲಿನಲ್ಲಿ ಶಾಫ್ಟನ್ನು ಹಿಡಿದಿರುವುದು ಡಿಫರೆನ್ಷಿಯಲ್ ಒಳಗಿನ ಸಿ ಆಕಾರದ ಒಂದು ಕ್ಲಿಪ್. ಕ್ಲಿಪ್ ಮತ್ತು ಅದು ಕೂರುವ ತೋಡು ಸವೆದಷ್ಟೂ ಶಾಫ್ಟ್ ಓಡಾಡುತ್ತದೆ. ಮೇಲೆ ಹೇಳಿದ 8.8 ಇಂಚಿನ ಆಕ್ಸಲಿನದೂ ಇದೇ ಬಗೆ. ಕ್ರೈಸ್ಲರ್‌ನ 8¾ ಇಂಚಿನ ಆಕ್ಸಲ್ ಮೊನಚು ರೋಲರ್ ಬೇರಿಂಗಿನದು. ಅಲ್ಲಿ ಬಲಬದಿಯಲ್ಲಿರುವ ತಿರುಪಿನಿಂದ ಸರಿದಾಟವನ್ನು 0.008ರಿಂದ 0.018 ಇಂಚಿನೊಳಗೆ, ಅಂದರೆ ಸರಿಸುಮಾರು 0.2ರಿಂದ 0.45 ಮಿ.ಮೀ. ಒಳಗೆ ನಿಲ್ಲಿಸಬೇಕೆಂದು ಕಾರ್ಖಾನೆಯೇ ಹೇಳಿದೆ. ಡ್ರಮ್ಮಿಗೆ ಒಗ್ಗುತ್ತಿದ್ದ ಅಳತೆ ಅದು.

ಇಷ್ಟು ಸಣ್ಣ ಅಳತೆ ಪೆಡಲಿನಲ್ಲಿ ಎಷ್ಟಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಎರಡು ಬದಿಗೂ ಪಿಸ್ಟನ್ ಇರುವ ಸ್ಥಿರ ಕ್ಯಾಲಿಪರಿನ ಒಂದು ಪಕ್ಕದಲ್ಲಿ 35 ಮಿ.ಮೀ. ವ್ಯಾಸದ ಎರಡು ಪಿಸ್ಟನ್‌ಗಳಿವೆ ಎಂದುಕೊಳ್ಳೋಣ. ತಿರುವಿನಲ್ಲಿ ಆಕ್ಸಲ್ 0.3 ಮಿ.ಮೀ. ಸರಿದು ಅವನ್ನು ಹಿಂದಕ್ಕೆ ದಬ್ಬಿದರೆ, ಎರಡೂ ಚಕ್ರ ಸೇರಿ ಸುಮಾರು 1150 ಘನ ಮಿ.ಮೀ. ಬ್ರೇಕ್ ಆಯಿಲ್ ವಾಪಸು ಹೋಗುತ್ತದೆ. ಅದನ್ನು ತುಂಬಿಕೊಡಲು 1 ಇಂಚು ವ್ಯಾಸದ ಮಾಸ್ಟರ್ ಸಿಲಿಂಡರಿನ ಪಿಸ್ಟನ್ 2.3 ಮಿ.ಮೀ. ಹೆಚ್ಚು ಚಲಿಸಬೇಕು. ಪೆಡಲಿನ ಸನ್ನೆ ಆರು ಪಟ್ಟಿನದಾದರೆ ಕಾಲು ಸುಮಾರು 14 ಮಿ.ಮೀ. ಹೆಚ್ಚು ಕೆಳಗಿಳಿಯುತ್ತದೆ. ತಿರುವು ದಾಟಿದ ಮೇಲೆ ಮೊದಲ ಸಲ ಒತ್ತಿದಾಗ ಪೆಡಲ್ ಆಳಕ್ಕೆ ಹೋಗಿ, ಎರಡನೆಯ ಸಲ ಮೇಲೇ ನಿಲ್ಲುತ್ತದೆ ಎಂಬ ದೂರು ಬಂದರೆ ಗಾಳಿ ತೆಗೆಯುತ್ತ ಕೂರುವ ಮೊದಲು ಆಕ್ಸಲಿನ ಸರಿದಾಟ ಅಳೆಯಬೇಕು. ಸಿ-ಕ್ಲಿಪ್ ಆಕ್ಸಲಿಗೆ ಜಾರುವ ಬಗೆಯ, ಒಂದೇ ಪಕ್ಕಕ್ಕೆ ಪಿಸ್ಟನ್ ಇರುವ ಕ್ಯಾಲಿಪರೇ ಒಳ್ಳೆಯದು ಎನ್ನುವುದೂ ಇದರಿಂದಲೇ. ಅದು ಡಿಸ್ಕಿನೊಂದಿಗೆ ತಾನೂ ಸರಿದು ಹೊಂದಿಕೊಳ್ಳುತ್ತದೆ. ಸ್ಥಿರ ಕ್ಯಾಲಿಪರ್ ಬೇಕೇ ಬೇಕು ಎನ್ನುವವರು ಮೊದಲು ಆಕ್ಸಲಿನ ತುದಿಯನ್ನು ಒತ್ತುಬೇರಿಂಗಿನ ಬಗೆಗೆ ಬದಲಿಸಿಕೊಳ್ಳಬೇಕು.

ಕಾರ್ವೆಟ್ ಕಲಿಸಿದ್ದು

ಈ ವಿಷಯದಲ್ಲಿ ಎಲ್ಲರಿಗೂ ಪಾಠವಾದ ಕಾರು 1965ರ ಷೆವ್ರೊಲೆ ಕಾರ್ವೆಟ್. ನಾಲ್ಕು ಚಕ್ರಕ್ಕೂ ಡಿಸ್ಕ್, ಪ್ರತಿ ಕ್ಯಾಲಿಪರಿಗೂ ನಾಲ್ಕು ಪಿಸ್ಟನ್. ಡಿಸ್ಕ್ ಒಂಚೂರೂ ಓಲಾಡಬಾರದೆಂದು ಕಾರ್ಖಾನೆಯವರು ಹಿಂದಿನ ಡಿಸ್ಕನ್ನು ಸ್ಪಿಂಡಲ್ಲಿಗೆ ರಿವೆಟ್ ಹೊಡೆದು ಕೂರಿಸಿ, ಎರಡನ್ನೂ ಒಟ್ಟಿಗೇ ಲೇತಿನಲ್ಲಿ ಕಡೆಯುತ್ತಿದ್ದರು. ಸ್ಪಿಂಡಲ್ ಬೇರಿಂಗಿನ ಸರಿದಾಟಕ್ಕೂ 0.001ರಿಂದ 0.008 ಇಂಚಿನ ಬಿಗಿ ಅಳತೆ ಇತ್ತು. ವರ್ಷಗಳ ಮೇಲೆ ಹ್ಯಾಂಡ್ ಬ್ರೇಕ್ ದುರಸ್ತಿಗೋ ಬೇರಿಂಗ್ ಬದಲಿಗೋ ಆ ರಿವೆಟ್‌ಗಳನ್ನು ಕೊರೆದು ತೆಗೆದವರು, ಡಿಸ್ಕನ್ನು ಮತ್ತೆ ಅದೇ ರಂಧ್ರಗಳಿಗೆ ಹೊಂದಿಸದೆ ಹಾಕಿದರು. ಡಿಸ್ಕ್ ಓಲಾಡತೊಡಗಿತು. ಓಲಾಟಕ್ಕೆ ಪಿಸ್ಟನ್ ಒಳಹೊರಗೆ ಆಡುತ್ತ, ತುಟಿಯಾಕಾರದ ಸೀಲಿನ ಪಕ್ಕದಿಂದ ಗಾಳಿಯನ್ನು ಒಳಗೆ ಎಳೆದುಕೊಂಡಿತು. ಆಯಿಲ್ ಸೋರಿಕೆಯ ಗುರುತೇ ಇಲ್ಲದೆ ಪೆಡಲ್ ಮೆತ್ತಗಾಗುವ ಈ ದೋಷ ಕಾರ್ವೆಟ್ ಮಾಲೀಕರನ್ನು ಬಹಳ ಕಾಡಿತು. ಹೊಸ ಕ್ಯಾಲಿಪರ್ ಹಾಕಿದರೂ ಕೆಲವು ತಿಂಗಳಲ್ಲೇ ಅದು ಮರಳುತ್ತಿತ್ತು. ಓ-ರಿಂಗ್ ಸೀಲಿನ ಪಿಸ್ಟನ್‌ಗಳು ಬಂದ ಮೇಲೆ ಸ್ವಲ್ಪ ನೆಮ್ಮದಿ ಸಿಕ್ಕಿತಾದರೂ ನಿಜವಾದ ಪರಿಹಾರ ಡಿಸ್ಕಿನ ಓಲಾಟ ತಗ್ಗಿಸುವುದೇ ಆಗಿತ್ತು.

ಅಳತೆಯ ಕ್ರಮ

ಹೊಂದಾಣಿಕೆಯನ್ನು ಒಳಗಿನಿಂದ ಹೊರಕ್ಕೆ ನೋಡುತ್ತ ಬರಬೇಕು: ಮೊದಲು ಆಕ್ಸಲಿನ ಕೊಳವೆ, ಆಮೇಲೆ ಅದರೊಳಗಿನ ಶಾಫ್ಟ್, ಶಾಫ್ಟಿನ ತುದಿಯಲ್ಲಿ ಡಿಸ್ಕ್ ಕೂರುವ ಫ್ಲಾಂಜ್, ಡಿಸ್ಕ್, ಕೊನೆಗೆ ಬ್ರಾಕೆಟ್ ಮತ್ತು ಕ್ಯಾಲಿಪರ್. ಹೊರಗಿನಿಂದ ಶುರುಮಾಡಿದವರು ಕ್ಯಾಲಿಪರಿಗೆ ಶಿಮ್ (ತೆಳು ತಗಡು) ಹಾಕಿ ಹಾಕಿ, ಬಾಗಿದ ಆಕ್ಸಲಿಗೆ ಅದನ್ನು ಹೊಂದಿಸುತ್ತ ಕೂರುತ್ತಾರೆ.

ಕೊಳವೆ ಕತ್ತರಿಸಿ ಬೆಸೆದ ಆಕ್ಸಲ್ ಆದರೆ ಬೆಸುಗೆಯ ಬಿಸಿಗೆ ಅದು ಒಂದು ಕಡೆ ಎಳೆದುಕೊಂಡಿರುತ್ತದೆ. ಡಿಫರೆನ್ಷಿಯಲ್ ಬೇರಿಂಗಿನ ಮನೆಗಳಿಂದ ಎರಡೂ ತುದಿಯವರೆಗೆ ಗಟ್ಟಿ ಉಕ್ಕಿನ ನೇರ ಸಲಾಕೆಯನ್ನು ತೂರಿಸಿ, ಅದು ತಡೆಯಿಲ್ಲದೆ ತಿರುಗುವಂತೆ ಇಟ್ಟುಕೊಂಡೇ ತುದಿಗಳನ್ನು ಬೆಸೆಯುವುದು ಸರಿಯಾದ ಪದ್ಧತಿ. ಬ್ರಾಕೆಟನ್ನು ಕೊಳವೆಗೆ ನೇರವಾಗಿ ಬೆಸೆಯುವವರೂ ಈ ಸಲಾಕೆ ಇಲ್ಲದೆ ಕೆಲಸಕ್ಕೆ ಇಳಿಯಬಾರದು.

ಮುಂದಿನದು ಫ್ಲಾಂಜ್. ಕಾಂತದ ಬುಡವುಳ್ಳ ಡಯಲ್ ಗೇಜನ್ನು ಕೊಳವೆಯ ತುದಿಗೆ ಕಚ್ಚಿಸಿ, ಮುಳ್ಳನ್ನು ಫ್ಲಾಂಜಿನ ಮುಖದ ಅಂಚಿಗೆ ತಾಗಿಸಿ, ಶಾಫ್ಟನ್ನು ಒಳಕ್ಕೆ ಒತ್ತಿಹಿಡಿದು ಒಂದು ಸುತ್ತು ತಿರುಗಿಸಬೇಕು. ಒತ್ತದೆ ತಿರುಗಿಸಿದರೆ ಸರಿದಾಟವೂ ಓಲಾಟವೂ ಬೆರೆತು ಮುಳ್ಳು ಸುಳ್ಳು ಹೇಳುತ್ತದೆ. 0.05 ಮಿ.ಮೀ. ಮೀರಿದ ಫ್ಲಾಂಜನ್ನು ಲೇತಿಗೆ ಕಟ್ಟಿ ಮುಖ ಕಡೆಸುವುದೇ ಲೇಸು. ಯಾಕೆಂದರೆ ಇಲ್ಲಿನ ತಪ್ಪು ಹೊರಗೆ ಹೋದಷ್ಟೂ ಬೆಳೆಯುತ್ತದೆ. 150 ಮಿ.ಮೀ. ವ್ಯಾಸದ ಫ್ಲಾಂಜಿನ ಅಂಚಿನಲ್ಲಿ 0.05 ಮಿ.ಮೀ. ದಪ್ಪದ ಒಂದು ತುಕ್ಕಿನ ಚಕ್ಕೆ ಸಿಕ್ಕಿಕೊಂಡರೆ 280 ಮಿ.ಮೀ. ಡಿಸ್ಕಿನ ಅಂಚಿನಲ್ಲಿ ಅದು 0.09 ಮಿ.ಮೀ. ಆಗಿರುತ್ತದೆ. ಹೆಚ್ಚಿನ ಕಾರುಗಳಿಗೆ ಡಿಸ್ಕಿನ ಓಲಾಟ 0.05ರಿಂದ 0.10 ಮಿ.ಮೀ. ಮೀರಬಾರದೆಂಬ ನಿಯಮವಿರುವಾಗ, ಒಂದು ಚಕ್ಕೆ ತುಕ್ಕು ಆ ಮಿತಿಯನ್ನೆಲ್ಲ ತಿಂದುಹಾಕಿತು. ಪೌಡರ್ ಕೋಟಿಂಗ್ ಮಾಡಿಸಿ ಮಿಂಚುತ್ತಿರುವ ಫ್ಲಾಂಜೂ ಇದೇ ಕಾರಣಕ್ಕೆ ಕೆಟ್ಟದ್ದು. ಡಿಸ್ಕ್ ಕೂರುವ ಮುಖದಲ್ಲಿ ಬಣ್ಣವಿರಬಾರದು.

ಡಿಸ್ಕ್ ಫ್ಲಾಂಜಿನ ಮೇಲೆ ಪೂರ್ತಿ ಕೂತಿದೆಯೇ ಎಂಬುದನ್ನು ಕಣ್ಣಿನಿಂದ ಹೇಳಲಾಗದು. ಫಿಟ್ಟರುಗಳು ಬಳಸುವ ನೀಲಿಯನ್ನು ಫ್ಲಾಂಜಿಗೆ ತೆಳ್ಳಗೆ ಹಚ್ಚಿ, ಡಿಸ್ಕನ್ನು ಬಿಗಿದು, ಬಿಚ್ಚಿ ನೋಡಿದರೆ ನೀಲಿ ಅಂಟಿದ ಗುರುತು ನಿಜ ಹೇಳುತ್ತದೆ. ಸುತ್ತಲೂ ಅಗಲವಾದ ಉಂಗುರದಂತೆ ಅಂಟಿದ್ದರೆ ಸರಿ. ನಡುರಂಧ್ರದ ಸುತ್ತ ಮಾತ್ರ ತೆಳ್ಳನೆಯ ಗೆರೆ ಮೂಡಿದ್ದರೆ, ಫ್ಲಾಂಜಿನ ಬುಡದ ದುಂಡು ಮೂಲೆಗೆ ಡಿಸ್ಕಿನ ರಂಧ್ರದ ಅಂಚು ತಾಗಿ ಎತ್ತಿಹಿಡಿದಿದೆ ಎಂದರ್ಥ. ರಂಧ್ರದ ಅಂಚನ್ನು ಸ್ವಲ್ಪ ಓರೆ ಮಾಡಿಸಿದರೆ ಸಾಕು. ಹೊರಸುತ್ತಿನಲ್ಲಿ ಒಂದೆರಡು ಕಡೆ ಮಾತ್ರ ಗುರುತಿದ್ದರೆ ಫ್ಲಾಂಜ್ ಡಿಸ್ಕಿನ ಟೋಪಿಯೊಳಗೆ (ನಡುವಿನ ಉಬ್ಬಿದ ಭಾಗದೊಳಗೆ) ಹಿಡಿಸುತ್ತಿಲ್ಲ, ಅಂಚಿಗೆ ಸಿಕ್ಕಿಕೊಂಡಿದೆ. ನಡುರಂಧ್ರ ದೊಡ್ಡದಾಗಿದ್ದರೆ ಡಿಸ್ಕ್ ಸ್ಟಡ್‌ಗಳ ಮೇಲೆ ಮಾತ್ರ ನಿಂತು ಒಂದು ಬದಿಗೆ ಜೋತುಬೀಳುತ್ತದೆ. ಅದಕ್ಕೆ ಅಳತೆಗೆ ಕಡೆಸಿದ ಉಂಗುರ ಬೇಕು.

ಆಮೇಲೆ ಡಿಸ್ಕಿನ ಓಲಾಟ. ಚಕ್ರವಿಲ್ಲದೆ ಅಳೆಯುವುದರಿಂದ ನಟ್‌ಗಳ ಅಡಿಗೆ ಚಪ್ಪಟೆ ವಾಷರ್ ಇಟ್ಟು, ಎಲ್ಲ ನಟ್‌ಗಳನ್ನೂ ನಕ್ಷತ್ರದ ಕ್ರಮದಲ್ಲಿ ಸಮನಾಗಿ ಬಿಗಿಯಬೇಕು. ಡಯಲ್ ಗೇಜಿನ ಮುಳ್ಳನ್ನು ಹೊರ ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ ಇಡಬೇಕು. ಮಿತಿ ಮೀರಿದರೆ ಡಿಸ್ಕನ್ನು ಬಿಚ್ಚಿ, ಒಂದು ಸ್ಟಡ್ ಮುಂದಕ್ಕೆ ತಿರುಗಿಸಿ ಹಾಕಿ ಮತ್ತೆ ನೋಡಬೇಕು. ಐದು ಸ್ಟಡ್ ಇದ್ದರೆ ಐದು ಸ್ಥಾನ. ಫ್ಲಾಂಜಿನ ಎತ್ತರವೂ ಡಿಸ್ಕಿನ ತಗ್ಗೂ ಒಂದನ್ನೊಂದು ಹೊಡೆದುಹಾಕುವ ಸ್ಥಾನ ಹೆಚ್ಚಿನ ಸಲ ಸಿಕ್ಕೇ ಸಿಗುತ್ತದೆ. ಸಿಕ್ಕಾಗ ಡಿಸ್ಕಿಗೂ ಫ್ಲಾಂಜಿಗೂ ಒಂದೇ ಗೆರೆಯಲ್ಲಿ ಗುರುತು ಹೊಡೆದಿಡಬೇಕು. ಸಿಗದಿದ್ದರೆ 0.003, 0.006, 0.009 ಇಂಚಿನ ಓರೆಯಿರುವ ತೆಳು ತಗಡುಗಳನ್ನು ನಡುವೆ ಇಡಬಹುದು, ಇಲ್ಲವೇ ಕಾರಿನ ಮೇಲೇ ಡಿಸ್ಕ್ ಕಡೆಯುವ ಲೇತಿಗೆ ಹೋಗಬಹುದು.

ಈ ಓಲಾಟದ ಕಾಟ ಆ ದಿನಕ್ಕಷ್ಟೇ ಮುಗಿಯುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 11 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಡಿಸ್ಕಿನ ಉಬ್ಬಿದ ಜಾಗ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. ಬ್ರೇಕ್ ಒತ್ತದಿದ್ದಾಗಲೂ ಆ ಜಾಗ ಸವೆಯುತ್ತಲೇ ಇರುವುದರಿಂದ ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ತರಹ ಆಗುತ್ತದೆ. ದಪ್ಪದಲ್ಲಿ 0.013 ಮಿ.ಮೀ. ವ್ಯತ್ಯಾಸವಾದರೂ ಪೆಡಲ್ ಕಾಲಿಗೆ ಬಡಿಯಲು ಸಾಕು. ಡಿಸ್ಕ್ ಬೆಂಡಾಗಿದೆ ಎಂದು ಗ್ಯಾರೇಜಿನಲ್ಲಿ ಹೇಳುವ ಎಷ್ಟೋ ಡಿಸ್ಕ್‌ಗಳು ಬಾಗಿರುವುದಿಲ್ಲ, ಹೀಗೆ ಸವೆದಿರುತ್ತವೆ. ಮೈಕ್ರೋಮೀಟರಿನಿಂದ ಸುತ್ತಲೂ ಎಂಟು ಕಡೆ ಅಳೆದರೆ ಗೊತ್ತಾಗುತ್ತದೆ.

ಬ್ರಾಕೆಟ್ ಮತ್ತು ಕ್ಯಾಲಿಪರ್

ಡಿಸ್ಕ್ ನೇರವಾದ ಮೇಲೆ ಅದನ್ನೇ ಅಳತೆಗೋಲಾಗಿ ಬಳಸಬಹುದು. ಗೇಜಿನ ಬುಡವನ್ನು ಈಗ ಡಿಸ್ಕಿಗೆ ಕಚ್ಚಿಸಿ, ಮುಳ್ಳನ್ನು ಬ್ರಾಕೆಟಿನ ಒಂದು ಕಿವಿಗೆ ತಾಗಿಸಿ, ಡಿಸ್ಕನ್ನು ತಿರುಗಿಸಿ ಇನ್ನೊಂದು ಕಿವಿಗೆ ಒಯ್ಯಬೇಕು. ಎರಡರ ನಡುವಿನ ವ್ಯತ್ಯಾಸವೇ ಬ್ರಾಕೆಟಿನ ಓರೆ. ಕಿವಿಯ ಮೇಲ್ತುದಿ ಕೆಳತುದಿಗಳನ್ನೂ ಹೀಗೇ ನೋಡಬೇಕು. ಬ್ರಾಕೆಟ್ ಬಾಗಿರುವುದಕ್ಕಿಂತ ಅದು ಕೂತ ಕೊಳವೆಯ ಮುಖದಲ್ಲಿ ಹಳೆಯ ಬಣ್ಣ, ಬೆಸುಗೆಯ ಹನಿ, ಉಳಿಯಿಂದ ಎದ್ದ ಚುಂಗು ಇರುವುದೇ ಹೆಚ್ಚು.

ಬ್ರಾಕೆಟ್ ನೇರವಿದ್ದೂ ಡಿಸ್ಕ್ ಕ್ಯಾಲಿಪರಿನ ನಡುವೆ ಬರುತ್ತಿಲ್ಲವೆಂದರೆ ಕಿಟ್ ಆ ಆಕ್ಸಲಿನದ್ದಲ್ಲ. ಕೊಳವೆಯ ತುದಿಯ ಮುಖದಿಂದ ಚಕ್ರ ಕೂರುವ ಮುಖದವರೆಗಿನ ದೂರವನ್ನು ನಂಬಿಯೇ ಕಿಟ್ ಮಾಡಿರುತ್ತಾರೆ. ಫೋರ್ಡ್‌ನ ದೊಡ್ಡ ಬೇರಿಂಗಿನ ಹಳೆಯ ಮಾದರಿಯಲ್ಲಿ ಅದು 2.36 ಇಂಚು, ಟೊರಿನೊ ಹೆಸರಿನಲ್ಲಿ ಕರೆಯುವ ಹೊಸ ಮಾದರಿಯಲ್ಲಿ 2.50 ಇಂಚು. ನೋಡಲು ಒಂದೇ ತರಹ ಇರುವ ಈ ಎರಡರ ನಡುವೆ ಮೂರೂವರೆ ಮಿಲಿಮೀಟರ್ ಅಂತರವಿದೆ. ಡ್ರಮ್ಮಿನ ಶೂಗಳನ್ನು ಹೊತ್ತ ಹಳೆಯ ಬ್ಯಾಕಿಂಗ್ ಪ್ಲೇಟ್ ತೆಗೆದ ಜಾಗದಲ್ಲಿ ಅದಕ್ಕಿಂತ ದಪ್ಪದ ಬ್ರಾಕೆಟ್ ಸೇರಿಸಿದರೆ ತಡೆಪಟ್ಟಿ ಬೇರಿಂಗನ್ನು ಮುಟ್ಟದೆ, ಸರಿದಾಟವೇ ಇಲ್ಲದ ಆಕ್ಸಲಿಗೂ ಸರಿದಾಟ ಬರುತ್ತದೆ.

ಸ್ಥಿರ ಕ್ಯಾಲಿಪರನ್ನು ಬ್ರಾಕೆಟಿಗೂ ಕ್ಯಾಲಿಪರಿಗೂ ನಡುವೆ ತೆಳು ಶಿಮ್‌ಗಳನ್ನಿಟ್ಟು ನಡುವಿಗೆ ತರುತ್ತಾರೆ. ಎರಡು ಬೋಲ್ಟಿಗೂ ಸಮ ದಪ್ಪ ಇಡಬೇಕು, ಇಲ್ಲದಿದ್ದರೆ ಕ್ಯಾಲಿಪರ್ ತಿರುಚಿಕೊಳ್ಳುತ್ತದೆ. ಜಾರುವ ಕ್ಯಾಲಿಪರಿಗೆ ಇಷ್ಟು ನಿಖರತೆ ಬೇಡ, ಆದರೆ ಜಾರುವ ಪಿನ್ನು ಡಿಸ್ಕಿಗೆ ಲಂಬವಾಗಿರಲೇಬೇಕು. ಪ್ಯಾಡಿನ ಮೇಲಂಚು ಡಿಸ್ಕಿನ ಹೊರ ಅಂಚಿಗೆ ಸಮವಾಗಿರಬೇಕು. ಮೇಲಕ್ಕೆ ಚಾಚಿಕೊಂಡ ಪ್ಯಾಡಿನಲ್ಲಿ ಸವೆಯದ ತುಟಿ ಉಳಿದು, ಅದು ಡಿಸ್ಕಿನ ಅಂಚಿಗೆ ಒತ್ತಿ ಕಿರುಗುಡುತ್ತದೆ.

ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಪ್ಯಾಡ್‌ಗಳನ್ನು ಹೊರತೆಗೆದು ವರ್ನಿಯರಿನಿಂದ ನಾಲ್ಕೂ ಮೂಲೆ ಅಳೆಯುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಒಳಗಿನ ಪ್ಯಾಡ್ ತೆಳ್ಳಗಾಗಿ ಹೊರಗಿನದು ಹಾಗೇ ಇದ್ದರೆ ಪಿನ್ನು ಜಾರುತ್ತಿಲ್ಲ. ಎರಡೂ ಪ್ಯಾಡ್‌ಗಳು ಎದುರುಬದುರಾಗಿ, ಒಂದು ಮೇಲೆ ಇನ್ನೊಂದು ಕೆಳಗೆ ಸವೆದಿದ್ದರೆ ಬ್ರಾಕೆಟ್ ಓರೆಯಿದೆ. ಡಿಸ್ಕ್ ಒಳಬರುವ ಕಡೆಯ ಅಂಚು ಇನ್ನೊಂದಕ್ಕಿಂತ ತುಸು ಹೆಚ್ಚು ಸವೆಯುವುದು ಮಾತ್ರ ಸಹಜ, ಅದಕ್ಕೆ ಗಾಬರಿ ಬೇಡ.

ಹೊಂದಾಣಿಕೆಯ ದೋಷವೆಂದು ಕಾಣುವ ಬೇರೆ ದೋಷಗಳು

ಎಲ್ಲ ಅಳತೆಯೂ ಸರಿಯಿದ್ದು ಚಕ್ರ ಬಿಸಿಯಾಗುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಕಡೆ ನೋಡಬೇಕು. ಡ್ರಮ್ಮಿನ ಕಾಲದ ಸಿಲಿಂಡರಿನಲ್ಲಿ ಪೈಪಿನೊಳಗೆ ಸುಮಾರು 10 ಪಿ.ಎಸ್.ಐ. ಒತ್ತಡವನ್ನು ಸದಾ ಉಳಿಸುವ ಪುಟ್ಟ ವಾಲ್ವ್ ಇರುತ್ತದೆ. ಡ್ರಮ್ಮಿನ ಶೂಗಳನ್ನು ಗಟ್ಟಿ ಸ್ಪ್ರಿಂಗ್ ಹಿಂದಕ್ಕೆಳೆಯುತ್ತಿದ್ದುದರಿಂದ ಅದು ಸರಿಹೋಗುತ್ತಿತ್ತು. ಪ್ಯಾಡಿಗೆ ಅಂಥ ಸ್ಪ್ರಿಂಗ್ ಇಲ್ಲ, ಹಾಗಾಗಿ ಅದು ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಆ ವಾಲ್ವನ್ನು ತೆಗೆಯಬೇಕು. ಹಿಂದಿನ ಚಕ್ರ ಮೊದಲು ಕಚ್ಚಿಕೊಂಡರೆ ಅದು ಒತ್ತಡ ಹಂಚುವ ವಾಲ್ವಿನ ಪ್ರಶ್ನೆ, ಡಿಸ್ಕಿನದ್ದಲ್ಲ.

ಎಷ್ಟು ಸಲ ಗಾಳಿ ತೆಗೆದರೂ ಪೆಡಲ್ ಗಟ್ಟಿಯಾಗದಿದ್ದರೆ ಗಾಳಿ ಬಿಡುವ ತಿರುಪು ಎಲ್ಲಿದೆ ಎಂದು ನೋಡಬೇಕು. ಎಡದ ಕ್ಯಾಲಿಪರನ್ನು ಬಲಕ್ಕೆ ಹಾಕಿದ್ದರೆ ತಿರುಪು ಕೆಳಗೆ ಬಂದು, ಗಾಳಿ ಮೇಲೇ ಉಳಿದುಬಿಡುತ್ತದೆ. ಹ್ಯಾಂಡ್ ಬ್ರೇಕ್ ಕ್ಯಾಲಿಪರಿನಲ್ಲೇ ಸೇರಿರುವ ಬಗೆಯಲ್ಲಿ ಪಿಸ್ಟನ್ ಒಳಗಿನ ತಿರುಪನ್ನು ಸರಿಯಾಗಿ ಮುಂದಕ್ಕೆ ತಂದುಕೊಳ್ಳದೆ ಕೇಬಲ್ ಬಿಗಿದರೂ ಪೆಡಲ್ ಆಳವಾಗಿಯೇ ಇರುತ್ತದೆ. ಕೇಬಲ್ಲನ್ನು ಎಲ್ಲಕ್ಕೂ ಕೊನೆಗೆ ಕಟ್ಟಬೇಕು. ಡಿಸ್ಕಿನ ಟೋಪಿ ಡ್ರಮ್ಮಿನ ಮುಖಕ್ಕಿಂತ ದಪ್ಪವಾದ್ದರಿಂದ ಚಕ್ರ ಕೆಲವು ಮಿಲಿಮೀಟರ್ ಹೊರಗೆ ಬರುತ್ತದೆ, ಸ್ಟಡ್ ಅಷ್ಟೇ ಗಿಡ್ಡವಾಗುತ್ತದೆ. ನಟ್ ಹಿಡಿದ ಮರೆಯ (ಥ್ರೆಡ್ಡಿನ) ಉದ್ದ ಸ್ಟಡ್ಡಿನ ವ್ಯಾಸಕ್ಕಿಂತ ಕಡಿಮೆಯಾಗದಂತೆ ಉದ್ದನೆಯ ಸ್ಟಡ್ ಹಾಕಿಸಿಕೊಳ್ಳುವುದರಲ್ಲಿ ಜಿಪುಣತನ ಬೇಡ.

ಭಾರತದಲ್ಲಿ

ಹಿಂದುಸ್ತಾನ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳು ನಾಲ್ಕೂ ಚಕ್ರಕ್ಕೆ ಡ್ರಮ್ಮಿನೊಂದಿಗೇ ದಶಕಗಳ ಕಾಲ ಓಡಿದವು. ಇವುಗಳಿಗೆ ಡಿಸ್ಕ್ ಹಾಕಿಸಬೇಕೆನ್ನುವವರು ಮೇಲಿನ ಅಳತೆಗಳ ಜೊತೆಗೆ ಕಾನೂನನ್ನೂ ನೋಡಿಕೊಳ್ಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. 50 ವರ್ಷ ದಾಟಿದ ವಾಹನಗಳಿಗೆ ಪಾರಂಪರಿಕ ನೋಂದಣಿ ಕೊಡುವ 2021ರ ನಿಯಮವೂ ಮೂಲರೂಪ ಉಳಿಸಿಕೊಂಡ ವಾಹನಗಳಿಗಾಗಿಯೇ ಬಂದದ್ದು. ಬ್ಯಾಕಿಂಗ್ ಪ್ಲೇಟ್, ಡ್ರಮ್, ಶೂ, ಹಳೆಯ ಪೈಪುಗಳನ್ನು ಎಸೆಯದೆ ಕಟ್ಟಿಟ್ಟುಕೊಂಡು, ಕೊಳವೆಗೆ ಬೆಸುಗೆ ತಾಗಿಸದೆ ಬೋಲ್ಟಿನಿಂದಲೇ ಕೂರುವ ಬ್ರಾಕೆಟನ್ನು ಆರಿಸಿಕೊಂಡರೆ ಕಾರನ್ನು ಯಾವಾಗ ಬೇಕಾದರೂ ಮೊದಲಿನ ಸ್ಥಿತಿಗೆ ತರಬಹುದು.